ಮೇಸ್ತ್ರಿ ಮನೆಯ ಬಿಗಿ ಬಾಗಿಲು

ಅಡುಗೆಮನೆಯಲ್ಲಿ ಪಾತ್ರೆ ತಾನಾಗಿ ಗಲಗಲ ಅಂದರೆ ನಮ್ಮ ಬೀದಿಯಲ್ಲಿ ಈಗ ಯಾರೂ ಬೆಕ್ಕನ್ನು ಬೈಯುವುದಿಲ್ಲ. ಮೊದಮೊದಲು ಬೈಯುತ್ತಿದ್ದೆವು. ಆಮೇಲೆ ಗೊತ್ತಾಯಿತು, ಅಲುಗುತ್ತಿರುವುದು ನೆಲ ಅಂತ. ತಿಂಗಳಿಗೆ ಒಂದೋ ಎರಡೋ ಸಲ, ಲಾರಿ ಹೋದ ಹಾಗೆ ಸಣ್ಣದೊಂದು ನಡುಕ. ಮನುಷ್ಯ ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತಾನೆ. ಕತ್ತರಿ ಜಾರಿ ಕೆಳಗೆ ಬಿದ್ದರೆ ಎತ್ತಿಟ್ಟುಕೊಂಡು ನಾನು ಮತ್ತೆ ಹೊಲಿಗೆ ಮೆಷಿನ್ ತುಳಿಯುತ್ತಿದ್ದೆ.

ನಾನು ಬಟ್ಟೆ ಹೊಲಿಯುವವಳು, ಬೀದಿಗೆಲ್ಲ ಟೈಲರಕ್ಕ. ನನ್ನ ಅಂಗಡಿಗೂ ಬಡಗಿ ಮೇಸ್ತ್ರಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಈ ಕಥೆ ಮೇಸ್ತ್ರಿಯದು. ಆದರೆ ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೇಸ್ತ್ರಿ ಮಾಡಿದ ಬಾಗಿಲು ಅಂದರೆ ಊರಲ್ಲಿ ಎರಡನೇ ಮಾತಿಲ್ಲ. ಬಾಗಿಲು ಕೂರಿಸಿದ ಮೇಲೆ ಅವನದೊಂದು ಪರೀಕ್ಷೆ ಇತ್ತು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಕಾಗದ ತೂರಿಸುತ್ತಿದ್ದ. ಒಂದು ಹಾಳೆ ಹೋಗಬೇಕು, ಅದನ್ನೇ ಮಡಿಸಿದರೆ ಹೋಗಬಾರದು. ಹೋಯಿತೋ, ಗಿರಾಕಿ ಸಾಕು ಮಾರಾಯ ಅಂದರೂ ಕೇಳದೆ ಬಾಗಿಲು ಕಳಚಿ ಹೊತ್ತುಕೊಂಡು ಹೋಗುತ್ತಿದ್ದ. ಬೀರುವಿನ ವಿಷಯದಲ್ಲೂ ಅಷ್ಟೇ. ಒಳ್ಳೆಯ ಬೀರು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಅದನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸುವವನು ಬಡಗಿಯೇ ಅಲ್ಲ ಅನ್ನುತ್ತಿದ್ದ. ಅವನ ಕೈಯ ಅತಿ ಬಿಗಿ ಬಾಗಿಲು, ಅತಿ ಎತ್ತರದ ಬೀರು, ಎರಡೂ ಇದ್ದದ್ದು ಅವನ ತಾಯಿಯ ಕೋಣೆಯಲ್ಲಿ. ಅಜ್ಜಿಗೆ ಮಂಡಿ ಹೋಗಿ ಆರು ವರ್ಷ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಅದೇ ಹೆಚ್ಚು.

ಹೋದ ವರ್ಷ ಬೆಟ್ಟದಾಚೆಯ ಊರಲ್ಲಿ ನೆಲ ಜೋರಾಗಿ ನಡುಗಿ ಮನೆಗಳು ಬಿದ್ದವು. ಆಗ ಸರ್ಕಾರ ಎಚ್ಚೆತ್ತುಕೊಂಡಿತು. ಎಂಜಿನಿಯರುಗಳು ಬಂದು ನೋಡಿ, ನಮ್ಮ ಊರೂ ನೆಲದಡಿಯ ಅದೇ ಬಿರುಕಿನ ಸಾಲಿನಲ್ಲಿದೆ ಅಂದರು. ಪ್ರತಿ ವಾರ್ಡಿಗೆ ಒಂದು ಆಶ್ರಯ ಕೇಂದ್ರ, ಜನ ಸೇರಲು ಒಂದು ಬಯಲು, ಮನೆಮನೆಯ ಒಂದು ಪಟ್ಟಿ ಅಂತ ಯೋಜನೆ ಆಯಿತು. ನಮಗೆ ಸಿಕ್ಕಿದ್ದು ಶಾಲೆ ಮತ್ತು ಅದರ ಮೈದಾನ. ಪಟ್ಟಿ ಬರೆಯಲು ಪುರಸಭೆಯಿಂದ ಒಬ್ಬ ಹೆಂಗಸು ಬರತೊಡಗಿದಳು. ಕಂಕುಳಲ್ಲಿ ಫೈಲು, ಕಾಲಲ್ಲಿ ಸವೆದ ಚಪ್ಪಲಿ. ವಾರ ಕಳೆಯುವುದರೊಳಗೆ ಅವಳ ಹೆಸರು ಪಟ್ಟಿಯಮ್ಮ ಅಂತಾಯಿತು. ಅವಳಿಗೂ ಗೊತ್ತಿತ್ತು, ಬೇಸರವಿರಲಿಲ್ಲ.

ಬೀದಿಯ ಮೂವತ್ತೊಂದು ಮನೆಯವರು ಫಾರಂ ತುಂಬಿಕೊಟ್ಟೆವು. ಮನೆಯಲ್ಲಿ ಎಷ್ಟು ಜನ, ನಡೆಯಲಾಗದವರು ಯಾರು, ಯಾವ ಔಷಧಿ, ಎಲ್ಲ ಅದರಲ್ಲಿ ಬರೆಯಬೇಕು. ನಡೆಯಲಾಗದವರಿಗೆ ಪಕ್ಕದ ಇಬ್ಬರನ್ನು ಗೊತ್ತು ಮಾಡುತ್ತಾರೆ. ನನಗೂ ಕ್ಷೌರದ ಅಂಗಡಿಯವನಿಗೂ ಎದುರುಮನೆಯ ತಾತ ಪಾಲಿಗೆ ಬಂದ. ಒಂದು ಭಾನುವಾರ ಅವನನ್ನು ಕುರ್ಚಿಯ ಸಮೇತ ಎತ್ತಿ ಮೈದಾನದವರೆಗೆ ಹೋಗಿಬಂದು ಅಭ್ಯಾಸ ಮಾಡಿದೆವು. ದಾರಿಯುದ್ದಕ್ಕೂ ತಾತ ರಾಜನ ಹಾಗೆ ಕೈಬೀಸುತ್ತಿದ್ದ.

ಮೂವತ್ತೆರಡನೆಯದು ಮೇಸ್ತ್ರಿಯ ಮನೆ. ಪಟ್ಟಿಯಮ್ಮ ಅಲ್ಲಿಗೆ ನಾಲ್ಕು ಸಲ ಹೋದಳು. ಕೊನೆಯ ಸಲ ನಾನೂ ಅಲ್ಲೇ ಇದ್ದೆ.

"ಮೇಸ್ತ್ರಿ, ಅಜ್ಜಿ ಹೆಸರು ಬರೆಸಿ. ನೆಲ ಅಲುಗಿ ನಿಂತ ಕೂಡ್ಲೆ ಇಬ್ಬರು ನಿಮ್ಮನೆಗೇ ಬರ್ತಾರೆ" ಅಂದಳು.

"ನಮ್ಮಮ್ಮನ್ನ ಎತ್ಕೊಂಡು ಹೋಗಕ್ಕೆ ನಾನಿಲ್ವಾ? ಈ ಮನೆ ನಾನು ಎದುರು ನಿಂತು ಕಟ್ಟಿಸಿದ್ದು. ಶಾಲೆ ಕಟ್ಟಿಸಿದ್ದು ಯಾವನೋ ಕಂಟ್ರಾಕ್ಟರು. ಯಾವುದು ಮೊದಲು ಬೀಳತ್ತೆ, ನೀವೇ ಹೇಳಿ."

ಶಾಲೆಯ ಕಂಬಗಳಿಗೆಲ್ಲ ಕಬ್ಬಿಣ ಸುತ್ತಿ ಮತ್ತೆ ಕಾಂಕ್ರೀಟ್ ಹಾಕಿದ್ದಾರೆ, ಬೇಕಾದರೆ ಬಂದು ನೋಡಿ ಅಂದಳು ಪಟ್ಟಿಯಮ್ಮ. ಮನೆ ನಿಂತರೂ ಒಳಗಿನ ಸಾಮಾನು ನಿಲ್ಲುವುದಿಲ್ಲ, ಬೀರುವನ್ನು ಗೋಡೆಗೆ ಬಿಗಿಯಿರಿ, ಅಜ್ಜಿಯ ಮಂಚವನ್ನು ಅದರ ಬುಡದಿಂದ ಆಚೆ ಎಳೆಯಿರಿ ಅಂತಲೂ ಹೇಳಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಬಾಗಿಲು ಮುಟ್ಟಿ ನೋಡಿ, ಇದು ಕೊಂಚ ಸಡಿಲ ಇದ್ದರೆ ಒಳ್ಳೆಯದು ಅಂದುಬಿಟ್ಟಳು. ಮೇಸ್ತ್ರಿಯ ಮುಖ ಕೆಂಪಾಯಿತು. ಅವನ ಬಾಗಿಲನ್ನು ಸಡಿಲ ಮಾಡು ಅನ್ನುವುದೂ ಒಂದೇ, ಅವನಿಗೆ ಕಪಾಳಕ್ಕೆ ಹೊಡೆಯುವುದೂ ಒಂದೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು. ಫಾರಮ್ಮನ್ನು ಇಸಿದುಕೊಂಡು ಜೇಬಿಗೆ ಹಾಕಿದ. ಅವಳು ಹೋದ ಮೇಲೆ, "ಸರ್ಕಾರದ ಕಾಗದ ಒಳ್ಳೆ ಗಟ್ಟಿ ಇದೆ ಟೈಲರಕ್ಕ, ಬಾಗಿಲು ನೋಡಕ್ಕೆ ಆಯ್ತು" ಅಂದ. ನಾನು ನಕ್ಕೆ. ಎರಡು ತಿಂಗಳು ಅವನ ಪರೀಕ್ಷೆಯ ಕಾಗದ ಅದೇ ಆಗಿತ್ತು.

ನಗಬಾರದಿತ್ತು. ಯಾಕೆಂದರೆ ಒಳಗಿನ ಸಂಗತಿ ನನಗೆ ಗೊತ್ತಿತ್ತು. ಅದಕ್ಕೆ ಕೆಲವು ದಿನ ಮೊದಲು, ಅಜ್ಜಿಗೆ ಬಟ್ಟೆಯ ಅಳತೆ ತೆಗೆಯಲು ಹೋಗಿದ್ದಾಗ, ಅವಳು ದನಿ ತಗ್ಗಿಸಿ ಹೇಳಿದ್ದಳು.

"ಆ ಶಾಲೇಲಿ ಕುಕ್ಕರಗಾಲಲ್ಲಿ ಕೂರೋ ಕಕ್ಕಸು ಕಣೆ. ನನ್ನ ಮಂಡಿ ಬಗ್ಗಲ್ಲ. ನಾಲ್ಕು ಜನದ ಎದುರು ಹಿಡ್ಕೊಂಡು ಕೂರಿಸ್ಬೇಕಾ ನನ್ನ? ಅದಕ್ಕಿಂತ ಈ ಮನೆ ನನ್ನ ತಲೆ ಮೇಲೆ ಬಿದ್ರೂ ವಾಸಿ. ಮಗನಿಗೂ ಗೊತ್ತು. ನೀನು ಯಾರಿಗೂ ಹೇಳ್ಬೇಡ."

ನಾನು ಯಾರಿಗೂ ಹೇಳಲಿಲ್ಲ. ಮಾತು ಉಳಿಸಿಕೊಂಡೆ ಅಂತ ಸಮಾಧಾನಪಟ್ಟುಕೊಂಡೆ.

ಅದಾಗಿ ಎರಡು ತಿಂಗಳಿಗೆ, ಶಾಲೆಗೆ ರಜೆಯಿದ್ದ ಒಂದು ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನೆಲ ನಡುಗಿತು. ಈ ಸಲ ಲಾರಿಯ ಹಾಗಲ್ಲ. ಗೋಡೆಯೇ ಎದ್ದು ಬಂದ ಹಾಗೆ. ಪಟ್ಟಿಯಮ್ಮ ಹೇಳಿಕೊಟ್ಟಿದ್ದಂತೆ ನಾನು ಹೊರಗೆ ಓಡದೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ನುಗ್ಗಿ ಅದರ ಕಾಲು ಹಿಡಿದುಕೊಂಡೆ. ದಾರದ ಉಂಡೆಗಳೆಲ್ಲ ಉರುಳಿ ನನ್ನ ಸುತ್ತ ಬಿದ್ದವು. ನಡುಕ ನಿಂತ ಮೇಲೆ ಎದ್ದು, ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ ಹೊರಗೆ ಬಂದೆ. ಕ್ಷೌರದವನು ಆಗಲೇ ಎದುರುಮನೆಯ ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ತಾತನನ್ನು ಎತ್ತಿಕೊಂಡು ರಸ್ತೆಯ ನಟ್ಟನಡುವೆ ನಡೆದು ಮೈದಾನ ಸೇರಿದೆವು. ತಾತ ಅವತ್ತು ಕೈಬೀಸಲಿಲ್ಲ.

ಮೈದಾನದಲ್ಲಿ ಪಟ್ಟಿಯಮ್ಮ ತಲೆಗೆ ಹೆಲ್ಮೆಟ್ ಹಾಕಿಕೊಂಡು ಮನೆಮನೆಯನ್ನೂ ಕೂಗಿ ಗುರುತು ಹಾಕುತ್ತಿದ್ದಳು. ಮೂವತ್ತೊಂದೂ ಮುಗಿಯಿತು. "ಎಲ್ರೂ ಬಂದಿದಾರೆ" ಅಂದಳು. ಎಲ್ಲರೂ ಉಸಿರು ಬಿಟ್ಟೆವು. ಯಾರೋ ಅಳತೊಡಗಿದರು, ಯಾರೋ ಸಮಾಧಾನ ಮಾಡಿದರು. ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ನಾನು ಸುತ್ತ ನೋಡಿದೆ. ಮೇಸ್ತ್ರಿ ಕಾಣಿಸುತ್ತಿರಲಿಲ್ಲ. ಅವನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಮನೆಯಲ್ಲಿ ಇದ್ದದ್ದು ಅವನು, ಅಜ್ಜಿ ಇಬ್ಬರೇ. ಅವರ ಗೋಡೆ ಪಕ್ಕದಿಂದಲೇ ನಾನು ಎದ್ದು ಬಂದಿದ್ದೆ, ಅವರ ನೆನಪೇ ಆಗಿರಲಿಲ್ಲ.

ನಾನು ಓಡಿಹೋಗಿ ಪಟ್ಟಿಯಮ್ಮನಿಗೆ ಹೇಳಿದೆ. ಆಶ್ರಯ ಕೇಂದ್ರದ ಪೆಟ್ಟಿಗೆಯಿಂದ ಎರಡು ಹೆಲ್ಮೆಟ್ಟು, ಒಂದು ಹಾರೆ ತೆಗೆದು ಅವಳು ನನ್ನ, ಕ್ಷೌರದವನ ಕೈಗೆ ಕೊಟ್ಟಳು. ನಾವು ವಾಪಸ್ಸು ಹೋದೆವು.

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಮನೆಗೆ ಒಂದು ಬಿರುಕೂ ಬಿದ್ದಿರಲಿಲ್ಲ. ಆದರೆ ಅಜ್ಜಿಯ ಕೋಣೆಯ ಚೌಕಟ್ಟು ಬೆರಳಿನಷ್ಟು ವಾಲಿತ್ತು. ಒಂದು ಹಾಳೆಗಿಂತ ಹೆಚ್ಚು ಜಾಗವಿಲ್ಲದ ಆ ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡು ಕೂತಿತ್ತು. ಬಾಗಿಲಿನ ಕೀಲುಗಳು ಒಳಗಡೆ, ಹೊರಗಿನಿಂದ ಕಳಚುವಂತಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಮೇಸ್ತ್ರಿ ಮಂಡಿಯೂರಿ ಉಳಿಯಿಂದ ಅಂಚನ್ನು ಕೆತ್ತುತ್ತಿದ್ದ. ಅಷ್ಟು ಹೊತ್ತಿನಿಂದ ಕೆತ್ತಿದ್ದರೂ ಆಗಿದ್ದು ಒಂದು ಗೇಣು. ನಾನು ನೋಡಿದೆ, ಅವನು ನೇರವಾಗಿ, ನಯವಾಗಿ, ಹಲಗೆಗೆ ಪೆಟ್ಟಾಗದ ಹಾಗೆ ಕೆತ್ತುತ್ತಿದ್ದ. ಕೈಗೆ ಬೇರೆ ರೀತಿ ಗೊತ್ತೇ ಇರಲಿಲ್ಲ.

"ಬರ್ತಿಲ್ಲ ಟೈಲರಕ್ಕ" ಅಂದ. ಅವನ ದನಿ ನಾನು ಹಾಗೆ ಯಾವತ್ತೂ ಕೇಳಿರಲಿಲ್ಲ.

ಆಗ ನೆಲ ಮತ್ತೆ ಅಲುಗಿತು. ಮೂವರೂ ಅಲ್ಲೇ ಕುಕ್ಕರಿಸಿ ತಲೆಯ ಮೇಲೆ ಕೈಯಿಟ್ಟೆವು. ಒಳಗೆ ಏನೋ ಭಾರವಾದದ್ದು ದಡಾರನೆ ಬಿತ್ತು. ಆಮೇಲೆ ಸದ್ದಿಲ್ಲ. ಮೇಸ್ತ್ರಿ ಅಮ್ಮಾ ಅಮ್ಮಾ ಅಂತ ಬಾಗಿಲಿಗೆ ಕೆನ್ನೆಯಿಟ್ಟು ಕರೆದ. ಉತ್ತರ ಬರಲು ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ.

"ಇದೀನಿ" ಅಂದಳು ಅಜ್ಜಿ ಒಳಗಿನಿಂದ. "ಮಗಾ, ಬಾಗಿಲು ಇನ್ನೊಂದು ಮಾಡ್ಕೋಬಹುದು. ಒಡಿ."

ಮೇಸ್ತ್ರಿ ಉಳಿ ಬಿಸಾಕಿ ನನ್ನ ಕೈಯಿಂದ ಹಾರೆ ಕಿತ್ತುಕೊಂಡ. ಕ್ಷೌರದವನು ಹೆಗಲು ಕೊಟ್ಟ. ಆರು ಸಲ ಹೊಡೆದಾಗ ಹಲಗೆ ಸೀಳಿತು. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿಂಬನ್ನು ತಲೆಯ ಮೇಲೆ ಹಿಡಿದು ಬಗ್ಗಿ ಕೂತಿದ್ದಳು. ತನ್ನ ಕಾಲ ಮೇಲೆ ತಾನು ನಿಲ್ಲುವ ಬೀರು ಅವಳ ಮಂಚದ ಮೇಲೆ ಮಲಗಿತ್ತು, ಅವಳು ತಲೆಯಿಡುವ ಕಡೆಗೇ ತಲೆಯಿಟ್ಟು. ದಿನಾ ತಿಂಡಿ ತಿಂದು ಅವಳು ಅಡ್ಡಾಗುವ ಹೊತ್ತು ಅದು. ಅವತ್ತು ಯಾಕೋ ಬಿಸಿಲು ಚೆನ್ನಾಗಿದೆ ಅಂತ ಕಿಟಕಿಯ ಹತ್ತಿರ ಕೂತಿದ್ದಳು. ಮೇಸ್ತ್ರಿ ಆ ಮಂಚವನ್ನೇ ನೋಡುತ್ತ ನಿಂತುಬಿಟ್ಟ. ಕೈ ಹಿಡಿದು ಎಳೆಯಬೇಕಾಯಿತು.

ಅಜ್ಜಿಯನ್ನು ಕುರ್ಚಿಯ ಸಮೇತ ಮೈದಾನಕ್ಕೆ ತಂದೆವು. ನಾನು ಅವತ್ತೇ ಹೇಳಿದ್ದೆ ಅನ್ನುವ ಮಾತು ಪಟ್ಟಿಯಮ್ಮನ ಬಾಯಿಂದ ಬರಲಿಲ್ಲ, ಅದಕ್ಕಾಗಿ ಅವಳನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ನೀರು ಕೊಟ್ಟಳು, ಅಜ್ಜಿಯ ಕೈ ತಿಕ್ಕಿದಳು. ಮೇಸ್ತ್ರಿ ತಾನಾಗಿಯೇ ಜೇಬಿನಿಂದ ಆ ಫಾರಂ ತೆಗೆದ. ಮಡಿಸಿ ಮಡಿಸಿ ಅಂಚು ಹರಿದಿತ್ತು, ಮೇಲೆಲ್ಲ ಮರದ ಪುಡಿ. ಪೆನ್ಸಿಲ್ಲು ಇಷ್ಟೆಲ್ಲ ಆದರೂ ಅವನ ಕಿವಿಯ ಮೇಲೇ ಇತ್ತು. ಮನೆಯಲ್ಲಿ ನಾಲ್ಕು ಜನ ಅಂತ ಬರೆದ. ನಡೆಯಲಾಗದವರು, ಒಬ್ಬರು. ಔಷಧಿ, ರಕ್ತದೊತ್ತಡದ್ದು. ಕೊನೆಯ ಸಾಲು, ಬೇರೆ ಏನು ಬೇಕು? ಅಲ್ಲಿ ಪೆನ್ಸಿಲ್ ನಿಂತಿತು. ಅವನು ತಾಯಿಯ ಮುಖ ನೋಡಿದ. ಅಜ್ಜಿ ನನ್ನ ಮುಖ ನೋಡಿದಳು.

ಎರಡು ತಿಂಗಳ ಹಿಂದೆ ಹೇಳಬೇಕಿದ್ದನ್ನು ನಾನು ಆಗ ಹೇಳಿದೆ. "ಅಜ್ಜಿಗೆ ಕೂರೋ ಕಕ್ಕಸು ಬೇಕು. ಇಲ್ಲಿ ಅದಿಲ್ಲ. ಅದಕ್ಕೇ ಅವರು ಬರಲ್ಲ ಅಂದಿದ್ದು."

ಅಜ್ಜಿ ತಲೆ ತಗ್ಗಿಸಿದಳು. ಆಮೇಲೆ ಪಕ್ಕದ ಕುರ್ಚಿಯಿಂದ ಎದುರುಮನೆಯ ತಾತ, "ನನಗೂ ಒಂದು ಬರ್ಕೊಳ್ಳಿ. ನನ್ನ ಮಂಡಿ ಏನು ಹದಿನಾರರದ್ದಾ?" ಅಂದ. ಅಜ್ಜಿಗೇ ಮೊದಲು ನಗು ಬಂತು. ಹಿಂದಿನಿಂದ ಇನ್ನೊಬ್ಬಳು ಕೈಯೆತ್ತಿದಳು, ತುಂಬು ಬಸುರಿ, ತನಗೂ ಬೇಕು ಅಂದಳು. ಎಣಿಸಿದರೆ ಏಳು ಜನ.

ಪಟ್ಟಿಯಮ್ಮ ಫೈಲು ಬಿಚ್ಚಿ ನೋಡಿದಳು. "ಮೂವತ್ತೊಂದು ಮನೇಲೂ ಈ ಸಾಲು ಖಾಲಿ ಬಿಟ್ಟಿದೀರ. ನಾನೂ ಬಿಡಿಸಿ ಕೇಳಲಿಲ್ಲ. ಏನೂ ಬೇಡವೇನೋ ಅಂದ್ಕೊಂಡೆ" ಅಂದಳು.

"ಕಕ್ಕಸಿನ ಮೇಲಿಡೋ ತೂತಿನ ಕುರ್ಚಿ ನಾನು ಮಾಡಿಕೊಡ್ತೀನಿ" ಅಂದ ಮೇಸ್ತ್ರಿ.

ಮೊದಲ ಕುರ್ಚಿ ಆಗಿದ್ದು ಆ ಒಡೆದ ಬಾಗಿಲಿನ ಹಲಗೆಯಿಂದಲೇ, ಅದೇ ಸಂಜೆ, ಮೈದಾನದ ಮೂಲೆಯಲ್ಲಿ. ಎಂಜಿನಿಯರ್ ಬಂದು ಮನೆಗಳನ್ನು ನೋಡಿ, ಇನ್ನು ಒಳಗೆ ಹೋಗಬಹುದು ಅನ್ನುವವರೆಗೆ ಎರಡು ದಿನ ನಾವೆಲ್ಲ ಶಾಲೆಯಲ್ಲೇ ಇದ್ದೆವು. ಅಜ್ಜಿಯೂ ಇದ್ದಳು, ಮರ್ಯಾದೆಯಿಂದ ಇದ್ದಳು. ಉಳಿದ ಕುರ್ಚಿಗಳಿಗೆ, ಶಾಲೆಯ ಬಾಗಿಲ ಮುಂದೆ ಹಾಕಿದ ಇಳಿಜಾರಿಗೆ ಪುರಸಭೆ ಮರ ಕೊಟ್ಟಿತು. ಈಗ ಮೇಸ್ತ್ರಿ ಊರಿನ ಬೀರುಗಳನ್ನೆಲ್ಲ ಗೋಡೆಗೆ ಬಿಗಿಯುತ್ತ ತಿರುಗುತ್ತಾನೆ. ಬಾಗಿಲಿನ ಪರೀಕ್ಷೆಯೂ ಬದಲಾಗಿದೆ, ಎರಡು ನಾಣ್ಯ ಜೋಡಿಸಿದರೆ ಸಲೀಸಾಗಿ ಹೋಗಬೇಕು. ಇಷ್ಟು ಮಾಡಿದರೂ ಕಚ್ಚಿಕೊಳ್ಳಬಹುದು, ಅದಕ್ಕೇ ಹೊರಗೊಂದು ಹಾರೆ ಇಟ್ಟಿರಿ ಅಂತ ಗಿರಾಕಿಗೆ ಹೇಳಿ ಬರುತ್ತಾನೆ. ಬಿಗಿಯಾಗಿಲ್ಲ ಅಂತ ಯಾರಾದರೂ ಗೊಣಗಿದರೆ ನನ್ನ ಅಂಗಡಿಗೆ ಕಳಿಸುತ್ತಾನೆ, ಟೈಲರಕ್ಕನ್ನ ಕೇಳಿ ಅಂತ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರಲ್ಲೂ ನೆಲ ಅಲುಗುವುದಿದ್ದರೆ ಬೆಂಕಿ ಬಿದ್ದಾಗ ಬಾವಿ ತೋಡಲು ಕೂರಬೇಡಿ. ನಿಮ್ಮ ಆಶ್ರಯ ಕೇಂದ್ರ ಎಲ್ಲಿದೆ ಅಂತ ಕೇಳಿ ತಿಳಿದುಕೊಂಡು, ಮನೆಯವರೆಲ್ಲ ಒಂದು ಸಲ ಅಲ್ಲಿಗೆ ನಡೆದು ನೋಡಿ. ಮಲಗುವ ಜಾಗದ ಪಕ್ಕ ಎತ್ತರದ್ದೇನೂ ಸಡಿಲ ನಿಂತಿರಬಾರದು. ನೀರು, ಔಷಧಿ, ಟಾರ್ಚು, ಕಾಗದಪತ್ರ ಒಂದು ಚೀಲದಲ್ಲಿ ಕೈಗೆ ಸಿಗುವ ಹಾಗಿರಲಿ. ನಡುಕ ಬಂದರೆ ಗಟ್ಟಿ ಮೇಜಿನ ಕೆಳಗೆ ಹೋಗಿ, ನಿಂತ ಮೇಲೆ ಬಯಲಿಗೆ ನಡೆಯಿರಿ. ಪಟ್ಟಿ ಬರೆಯುವವರು ಬಂದಾಗ ಏನು ಬೇಕೋ ಅದನ್ನು ಬಾಯಿಬಿಟ್ಟು ಹೇಳಿ. ನಾಚಿಕೆಯ ವಿಷಯವಾದರೆ ಅದನ್ನೇ ಮೊದಲು ಹೇಳಿ, ನೀವು ಹೇಳದೆ ಸರ್ಕಾರಕ್ಕೆ ಅದು ಗೊತ್ತಾಗುವುದಿಲ್ಲ.

ಹೆಸರು ಮಾತ್ರ ಇವತ್ತೇ ಬರೆಸಿ. ಅಕ್ಕಪಕ್ಕದವರು ಒಳ್ಳೆಯವರು, ಹೇಗೂ ಬರುತ್ತಾರೆ ಅಂದುಕೊಳ್ಳಬೇಡಿ. ನಾನೂ ಒಳ್ಳೆಯವಳೇ. ಒಂದೇ ಗೋಡೆಯ ಆಚೆ ಇದ್ದೆ. ಆದರೂ ಅವತ್ತು ಪಟ್ಟಿಯಲ್ಲಿದ್ದ ತಾತನ ಮನೆಗೆ ಹೋದೆ, ಅಜ್ಜಿಯ ಬಾಗಿಲು ತಟ್ಟಲಿಲ್ಲ.