ಬೇಸ್‌ಮೆಂಟಿಗೆ ಬಾರದ ವೈಫೈ

ಪರದೇಶದ ಮಿಲ್ ಕ್ರೀಕ್‌ನ ಕನ್ನಡದವರ ಮನೆಗಳಲ್ಲಿ ವೈಫೈ ಕೆಟ್ಟರೆ ಕಂಪನಿಗೆ ಫೋನು ಮಾಡುವ ಪದ್ಧತಿಯೇ ಇಲ್ಲ. ರಾಜೇಶ್ವರಿಗೆ ಮಾಡುತ್ತಾರೆ. ಗದಗ ಕಡೆಯ ಹೆಣ್ಣುಮಗಳು, ನೆಟ್‌ವರ್ಕ್ ಎಂಜಿನಿಯರು, ಹತ್ತು ನಿಮಿಷದ ದಾರಿಯಲ್ಲಿ ಮನೆ. ವಾರವಿಡೀ ಆಫೀಸಿನಲ್ಲಿ ಮಾಡಿದ್ದನ್ನೇ ಶನಿವಾರ ಮಂದಿಯ ಮನೆಯಲ್ಲಿ ಪುಕ್ಕಟೆ ಮಾಡುವ ಹುಚ್ಚು ಯಾರಿಗಿರುತ್ತದೆ ಹೇಳಿ! ಇವಳಿಗಿತ್ತು. ಇಲ್ಲ ಅನ್ನಲು ಬಾರದ ಪ್ರಾಣಿ.

ಆ ಶನಿವಾರ ಕರೆದವಳು ಶ್ರೀವಿದ್ಯಾ. ಹನ್ನೊಂದು ವರ್ಷದ ಗೆಳತಿ. ರಾಜೇಶ್ವರಿ ಬಾಣಂತಿಯಾಗಿದ್ದಾಗ ಒಂದು ತಿಂಗಳು ದಿನಾ ಸಾರು-ಅನ್ನ ಮಾಡಿ ತಂದುಕೊಟ್ಟವಳು. ಅಂಥವಳು ಕರೆದರೆ ಕೈಯಲ್ಲಿದ್ದ ಚಹಾ ಬಿಟ್ಟು ಹೊರಡುವುದು ಬಿಟ್ಟು ಇನ್ನೇನು ಮಾಡಿಯಾಳು?

"ರಾಜೀ, ಪ್ಲೀಸ್ ಕಣೇ, ಬೇಗ ಬಾ. ಫೋನಲ್ಲಿ ಇಂಟರ್ನೆಟ್ ಚೆನ್ನಾಗೇ ಬರ್ತಿದೆ, ಬೇಸ್‌ಮೆಂಟಲ್ಲಿರೋ ಡೆಸ್ಕ್‌ಟಾಪಲ್ಲಿ ಮಾತ್ರ ಸತ್ತು ಬಿದ್ದಿದೆ. ನಮ್ಮ ಹುಡುಗಿ ಸಿರಿದು ಸ್ಕೂಲ್ ಪ್ರಾಜೆಕ್ಟ್ ವಿಡಿಯೋ ಅಪ್‌ಲೋಡ್ ಆಗ್ಬೇಕು. ಹನ್ನೆರಡಕ್ಕೆ ಡೆಡ್‌ಲೈನ್!"

ಶನಿವಾರ ಮಧ್ಯಾಹ್ನ ಯಾವ ಸ್ಕೂಲಿನವರು ಡೆಡ್‌ಲೈನ್ ಇಡುತ್ತಾರೆ ಎಂದು ರಾಜೇಶ್ವರಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಂಬಿಕೆ ಅಂದರೆ ಅದೇ ತಾನೆ. ಗಂಡ ಮಲ್ಲೇಶ ಆಗಲೇ ಬ್ಯಾಡ್ಮಿಂಟನ್‌ಗೆ ಹೋಗಿದ್ದ. ಎರಡು ತಿಂಗಳಿಂದ ಅವನಿಗೆ ಶನಿವಾರ ಬಂತೆಂದರೆ ಅದೇ ಗೀಳು. ಇವಳು ಕಾರು ತೆಗೆದು ಹನ್ನೊಂದೂಕಾಲಿಗೆಲ್ಲ ಮಿಲ್ ಕ್ರೀಕ್ ಮುಟ್ಟಿದಳು.

ಶ್ರೀವಿದ್ಯಾ ಬಾಗಿಲಲ್ಲೇ ಕೈ ಹಿಡಿದು ಕೆಳಗೆ ಕರೆದೊಯ್ದಳು. "ನೀನು ನೋಡ್ತಿರು, ಅವಲಕ್ಕಿ ಒಗ್ಗರಣೆ ಹಾಕ್ಕೊಂಡು ಬಂದೆ" ಎಂದು ಮೇಲೆ ಓಡಿದಳು.

ಆ ಬೇಸ್‌ಮೆಂಟಿಗೆ ಕಾಲಿಟ್ಟ ಕೂಡಲೇ ರಾಜೇಶ್ವರಿಯ ಕಣ್ಣು ನೆಲಕ್ಕೆ ಹೋಯಿತು. ಇದೇ ಕಾರ್ಪೆಟ್ಟಿನ ಮೇಲೆ ಕೂತು ಅವಳು ಇಲ್ಲಿಯ ಕನ್ನಡದವರ ಮುಂದೆ ತನ್ನ ನಾಟಕ ಓದಿದ್ದು ಜನವರಿಯಲ್ಲಿ. ಜೀವಮಾನದಲ್ಲಿ ಬರೆದ ಒಂದೇ ಒಂದು ನಾಟಕ. ಹೆಸರು 'ನಿಂಗವ್ವ'. ನಿಂಗವ್ವ ಅವಳ ತೀರಿಹೋದ ತಾಯಿ, ಹಾಸ್ಟೆಲ್ಲೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದವಳು. ಹತ್ತನೇ ಇಯತ್ತೆಯ ಪರೀಕ್ಷೆಯ ದಿನ ಮಗಳಿಗೆ ಜ್ವರ. ಊರಿಗೆ ಇದ್ದದ್ದು ಒಂದೇ ಬಸ್ಸು. ಮಗಳು ತೇಕುತ್ತಾ ನಡೆದು ಬರುವವರೆಗೆ ಆ ತಾಯಿ ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟಿದ್ದಳು. ಡ್ರೈವರು ಬೈದ, ಕಂಡಕ್ಟರು ಬೈದ, ಒಳಗಿದ್ದವರು ಬಾಯಿಗೆ ಬಂದದ್ದು ಅಂದರು. "ನನ್ನ ಮಗಳು ಬರೂತನಕ ಈ ಬಸ್ಸು ಹೋಗಂಗಿಲ್ಲ. ಹೋಗೋದಾದ್ರ ನನ್ನ ಮ್ಯಾಲೆ ಹಾಯಿಸ್ಕೊಂಡು ಹೋಗ್ರಿ" ಅಂದದ್ದು ಬಿಟ್ಟು ಅವಳು ಬೇರೆ ಮಾತಾಡಲಿಲ್ಲ. ಕಾಲು ಗಂಟೆ. ಆ ಕಾಲು ಗಂಟೆ ಇರದಿದ್ದರೆ ರಾಜೇಶ್ವರಿಯೂ ಈಗ ಅದೇ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಆ ಪಾತ್ರವನ್ನು ತಾನೇ ಮಾಡಬೇಕೆಂದು ಅವಳು ಮಾತು ಮಾತೂ ಬಾಯಿಪಾಠ ಮಾಡಿದ್ದಳು. ಬೇಸಿಗೆಯ ಕನ್ನಡ ಸಮ್ಮೇಳನಕ್ಕೆ ಕಳಿಸುವುದೆಂದು ಠರಾವಾಗಿತ್ತು. ಫೆಬ್ರುವರಿಯಲ್ಲಿ ಶ್ರೀವಿದ್ಯಾ ಕಣ್ಣೀರು ಹಾಕುತ್ತಾ ಬಂದಳು: "ಈ ವರ್ಷ ನಾಟಕಾನೇ ಬೇಡ್ವಂತೆ ರಾಜೀ, ಬರೀ ಡ್ಯಾನ್ಸ್ ಅಂತೆ." ಪಾಪ, ಇವಳೇ ಅವಳ ಬೆನ್ನು ಸವರಿ ಸಮಾಧಾನ ಮಾಡಿ ಕಳಿಸಿದ್ದಳು.

ಇರಲಿ, ಕೆಲಸ ನೋಡೋಣ ಎಂದು ಕುರ್ಚಿ ಎಳೆದುಕೊಂಡಳು. ಅದೇ ಜಾಗದಲ್ಲಿ ಅವಳ ಫೋನಿನಲ್ಲಿ ಸ್ಪೀಡು ಮುನ್ನೂರು. ಡೆಸ್ಕ್‌ಟಾಪಿನಲ್ಲಿ ನಾಲ್ಕು. ಅಂದರೆ ಮನೆಯ ಇಂಟರ್ನೆಟ್ಟಿನ ತಪ್ಪಲ್ಲ, ಈ ಡಬ್ಬಿಯದೇ ರೋಗ. ಬಗ್ಗಿ ಹಿಂದೆ ಕೈಯಾಡಿಸಿದಳು. ಕಬ್ಬಿಣದ ಬೀರುವಿಗೂ ಗೋಡೆಗೂ ನಡುವೆ ಸಿಪಿಯು ತುರುಕಿದ್ದರು, ಅದರ ಬೆನ್ನಿಗೆ ಇರಬೇಕಾದ ಎರಡು ಆಂಟೆನಾಗಳೇ ಇಲ್ಲ! ಡ್ರಾಯರ್ ಎಳೆದರೆ ಅಲ್ಲಿದ್ದವು, ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲವನ್ನೂ ಒಡೆದಿರಲಿಲ್ಲ. ಅಯ್ಯ ಇವರ, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರಿನವರು! ನಗುತ್ತಲೇ ಆಂಟೆನಾ ತಿರುಗಿಸಿ ಬಿಗಿ ಮಾಡಿದಳು, ಸಿಪಿಯು ಎಳೆದು ಮೇಜಿನ ಮೇಲಿಟ್ಟಳು. ನಿಧಾನದ ಚಾನೆಲ್‌ಗೆ ಅಂಟಿಕೊಂಡಿದ್ದದ್ದನ್ನು ಬಿಡಿಸಿ ವೇಗದ್ದಕ್ಕೆ ಹಾಕಿದಳು. ನಾಲ್ಕಿದ್ದದ್ದು ಇನ್ನೂರ ಅರವತ್ತಾಯಿತು.

ವಿಡಿಯೋ ಈಗಲಾದರೂ ಹೋಗುತ್ತಿದೆಯೇ ನೋಡೋಣ ಎಂದು ಅಪ್‌ಲೋಡ್ ಪುಟ ತೆರೆದಳು. ಅಲ್ಲಿ ಸಿರಿಯ ಸ್ಕೂಲೂ ಇರಲಿಲ್ಲ, ಪ್ರಾಜೆಕ್ಟೂ ಇರಲಿಲ್ಲ. ಸಮ್ಮೇಳನದ ನಾಟಕ ಆಯ್ಕೆ ಸಮಿತಿಯ ಪುಟವದು. ಫೈಲಿನ ಹೆಸರು 'ನಿಂಗವ್ವ ಫೈನಲ್'.

ಮಂದಿಯ ಫೈಲು ತೆರೆದು ನೋಡುವ ಚಾಳಿ ಅವಳಿಗಿಲ್ಲ. ಇಷ್ಟು ಮನೆ ಸುತ್ತಿದ್ದಾಳೆ, ಒಂದು ದಿನ ಒಂದು ಫೋಟೋ ತೆರೆದವಳಲ್ಲ. ಆದರೆ ತನ್ನವ್ವನ ಹೆಸರು ಕಂಡ ಮೇಲೆ ಕೈ ಕೇಳಲಿಲ್ಲ.

ಮೊದಲು 'ರಚನೆ: ರಾಜೇಶ್ವರಿ' ಎಂದು ಬಂತು. ಆಮೇಲೆ ಇದೇ ಬೇಸ್‌ಮೆಂಟು, ಇದೇ ಕಾರ್ಪೆಟ್ಟು. ಶ್ರೀವಿದ್ಯಾ ಸೊಂಟಕ್ಕೆ ದಿಂಬು ಕಟ್ಟಿಕೊಂಡು, ಅಂಗೈ ಅಗಲದ ಕುಂಕುಮ ಬಳಿದುಕೊಂಡು, ಕೈಯಲ್ಲಿ ಸೌಟು ಹಿಡಿದು ವಕ್ರವಕ್ರವಾಗಿ ನಡೆದು ಬಂದಳು. ರಟ್ಟಿನ ಬಸ್ಸಿನ ಮುಂದೆ ಕೈ ಚಾಚಿ, "ನನ್ನ ಮಗ್ಳು ಬರೂತನ್ಕಾ..." ಎಂದು ರಾಗ ಎಳೆದಳು. ಹಾರ್ನ್ ಮೊಳಗಿತು. ಅವಳು ಹೌಹಾರಿ ಸೀರೆ ಕಾಲಿಗೆ ಸಿಕ್ಕಿಸಿಕೊಂಡು ಧೊಪ್ಪನೆ ಬಿದ್ದಳು. ಸೌಟು ಹಾರಿ ಡ್ರೈವರನ ತಲೆಗೆ ಬಡಿಯಿತು. ಕ್ಯಾಮೆರಾ ಹಿಡಿದಿದ್ದವನು ಗಹಗಹಿಸಿ ನಕ್ಕ, "ಭಾರಿ! ಭಾರಿ!" ಅಂದ.

ರಾಜೇಶ್ವರಿ ಅದನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ಕೇಳಿದಳು. ಬೇಕಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಕೇಳಿದ ನಗು. ಮಲ್ಲೇಶನದು.

ಅದೇ ಹೊತ್ತಿಗೆ ಅವಲಕ್ಕಿ ತಟ್ಟೆ ಹಿಡಿದು ಶ್ರೀವಿದ್ಯಾ ಇಳಿದು ಬಂದಳು. ಪರದೆ ನೋಡಿದವಳೇ ನಿಂತಲ್ಲೇ ನಿಂತಳು.

"ಕ್ಯಾನ್ಸಲ್ ಆಯ್ತು ಅಂದಿದ್ಯಲ್ಲ" ಎಂದಳು ರಾಜೇಶ್ವರಿ. "ನನ್ನ ಹೆಗಲ ಮೇಲೆ ಅತ್ತಿದ್ಯಲ್ಲೇ."

"ಹೇಳೋಣ ಅಂತಾನೇ ಇದ್ದೆ ಕಣೇ, ದೇವ್ರಾಣೆ. ನೀನು ಓದಿದ್ಮೇಲೆ ಎಲ್ರೂ ತುಂಬಾ ಹೆವಿ ಅಂದ್ರು. ವೀಕೆಂಡಲ್ಲಿ ಅಳೋಕೆ ಯಾರು ಬರ್ತಾರೆ? ನಿನ್ನ ಕೇಳಿದ್ರೆ ಒಂದು ಮಾತೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ನೋಡು, ನಿನ್ನ ಹೆಸರು ಹಾಗೇ ಇಟ್ಟಿದೀವಿ!"

"ಮಲ್ಲೇಶ?"

ಶ್ರೀವಿದ್ಯಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಅವ್ರೇ ಹೇಳಿದ್ದು, ಅವಳಿಗೆ ನಾನು ನಿಧಾನಕ್ಕೆ ತಿಳಿಸ್ತೀನಿ ಅಂತ. ನಿಮ್ಮ ಕಡೆ ಮಾತು ನನಗೆ ಹೇಳ್ಕೊಟ್ಟಿದ್ದೂ ಅವ್ರೇ. ಎಲ್ಲಾ ಶನಿವಾರ ಬರ್ತಿದ್ರು."

ರಾಜೇಶ್ವರಿ ಫೋನು ತೆಗೆದು ಗಂಡನಿಗೆ ಮಾಡಿದಳು.

"ಎಲ್ಲಿದ್ದೀರಿ?"

"ಬ್ಯಾಡ್ಮಿಂಟನ್ ಆಡಾಕತ್ತೀನಿ. ಯಾಕ?"

"ಬಸ್ಸಿನ ಮುಂದ ನಮ್ಮವ್ವ ಬಿದ್ದಿದ್ಲೇನ್ರೀ?"

"ಶ್ರೀವಿದ್ಯಾ ಹೇಳಿದ್ರೇನು? ನಾಟಕ ಐತಿ ಅದು, ರಾಜಿ. ಅಷ್ಟ್ಯಾಕ ಮನಸ್ಸಿಗೆ ಹಚ್ಕೊಂತಿ? ಅತ್ತಿ ನೋಡಿದ್ರೂ ನಗ್ತಿದ್ರು."

"ನಗ್ತಿದ್ಲು. ಅಳಿಯಾರು ಎದುರಿಗೆ ಕುಂತಾರ ಅಂತ ನಗ್ತಿದ್ಲು. ಆಮ್ಯಾಲೆ ಸಾಯೂತನಕ ಆ ಬಸ್ಸಿನ ಮಾತು ಬಾಯಾಗ ತರ್ತಿರಲಿಲ್ಲ."

ಫೋನು ಇಟ್ಟುಬಿಟ್ಟಳು. ಪರದೆಯ ಮೇಲೆ ವಿಡಿಯೋ ಮುಕ್ಕಾಲು ಭಾಗ ಹೋಗಿಯಾಗಿತ್ತು. ಅವಳು ಒಂದು ಬಟನ್ ಒತ್ತಿ ಅಪ್‌ಲೋಡ್ ನಿಲ್ಲಿಸಿದಳು. ಅಳಿಸಿಯೇ ಹಾಕಬಹುದಿತ್ತು, ಯಾರಿಗೂ ಮತ್ತೆ ಸಿಗದ ಹಾಗೆ. ಕಂಪ್ಯೂಟರೇ ಅವಳ ಹೊಟ್ಟೆಪಾಡು. ಆದರೆ ಕದ್ದು ಮಾಡುವ ಕೆಲಸ ಈ ಬೇಸ್‌ಮೆಂಟಿನಲ್ಲಿ ಆಗಲೇ ಸಾಕಷ್ಟಾಗಿತ್ತು. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ಅಯ್ಯೋ, ಯಾಕೆ ನಿಲ್ಲಿಸಿದೆ? ಹನ್ನೊಂದು ಐವತ್ತಾಯ್ತು!"

"ಬಸ್ಸಿನ ಸೀನು ತೆಗಿ, ನನ್ನ ಹೆಸರು ತೆಗಿ. ಆಮ್ಯಾಲೆ ಏನರ ಕಳಿಸ್ಕೋ."

"ಹತ್ತು ನಿಮಿಷದಲ್ಲಿ ಹೇಗೆ ಎಡಿಟ್ ಮಾಡ್ಲಿ ರಾಜೀ? ಅದೂ ಅಲ್ದೆ ಬಸ್ಸಿನ ಸೀನ್ ತೆಗೆದ್ರೆ ನಾಟಕದಲ್ಲಿ ಏನುಳಿಯುತ್ತೆ?"

"ಹಂಗಾರ ಕಳಿಸಬ್ಯಾಡ. ಹನ್ನೊಂದು ವರ್ಷದಾಗ ನಿನ್ನ ಹಂತ್ಯಾಕ ನಾ ಏನೂ ಕೇಳಿಲ್ಲ, ಇದೊಂದು ಕೇಳಾಕತ್ತೀನಿ." ಪರದೆಯ ಮೇಲಿನ ಬಟನ್ ತೋರಿಸಿದಳು. "ಇದನ್ನ ಒತ್ತಿದ್ರ ಮುಂದ ಹೋಗತೈತಿ. ಒತ್ತೋದು ಬಿಡೋದು ನಿನಗ ಬಿಟ್ಟದ್ದು."

ಶ್ರೀವಿದ್ಯಾ ಕಣ್ಣು ತುಂಬಿಕೊಂಡು ಗೆಳತಿಯ ತೋಳು ಹಿಡಿದಳು. ಹಿಡಿದ ಆ ಕೈ ಬೆಚ್ಚಗಿತ್ತು. ರಾಜೇಶ್ವರಿಗೆ ಅಷ್ಟೇ ಸಾಕಾಯಿತು. ಒತ್ತಲಾರಳು ಇವಳು, ಎಷ್ಟೆಂದರೂ ನನ್ನ ಬಾಣಂತನ ಮಾಡಿದವಳು ಎಂದುಕೊಂಡಳು. ತೋಳು ಬಿಡಿಸಿಕೊಂಡು ಮೆಟ್ಟಿಲು ಹತ್ತಿದಳು.

ಬಾಗಿಲ ಹತ್ತಿರ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿನದು ಆಗಿತ್ತು, ಇನ್ನೊಂದರ ದಾರಕ್ಕೆ ಕೈ ಹಾಕಿದ್ದಳು. ಇವಳು ಹೊರಟೇ ಹೋದಳು ಎಂದುಕೊಂಡಿರಬೇಕು, ಕೆಳಗಿನಿಂದ ಶ್ರೀವಿದ್ಯಾ ಫೋನಿನಲ್ಲಿ ಮಾತಾಡುವುದು ಸ್ಪಷ್ಟವಾಗಿ ಕೇಳಿಸಿತು.

"ಮಲ್ಲೇಶ್, ಹೋಯ್ತು ಕಣ್ರೀ! ಹೋಯ್ತು! ಎರಡೇ ನಿಮಿಷ. ರಾಜಿ ಅಂದ್ರೆ ರಾಜೀನೇ ಬಿಡಿ, ಏನ್ ಸ್ಪೀಡ್ ಬರ್ತಿದೆ ಗೊತ್ತಾ!"