ಡಾಕ್ಟರರಿಗೆ ಡಾಕ್ಟರರದೇ ಹೇಳಿಕೆ

ಇದು ನಡೆದ ಕಥೆ, ನಾನು ಏನೂ ಬೆರೆಸಿಲ್ಲ. ಬೆರೆಸಿದ್ದೆಲ್ಲ ರತೀಶ. ನಮ್ಮ ಲ್ಯಾಬಿನಲ್ಲಿ ನನ್ನ ಪಕ್ಕದ ಕುರ್ಚಿಯವನು. ರಕ್ತ ತೆಗೆಯುವಾಗಲೂ ಯಾರದ್ದಾದರೂ ದನಿ ತೆಗೆಯುತ್ತಿರುತ್ತಾನೆ.

ತಲ್ಲೂರಿನ ಹತ್ತಿರದ ನಮ್ಮ ದೊಡ್ಡ ಆಸ್ಪತ್ರೆಯಲ್ಲಿ ಮೇಲಿನ ಮಹಡಿಯ ಸುದ್ದಿ ಕೆಳಗಿನವರಿಗೆ ಗೊತ್ತಾಗುವಾಗ ಅದು ಹಳೆಯದಾಗಿರುತ್ತದೆ. ಇದನ್ನು ಸರಿಮಾಡಲೆಂದೇ ಹೊಸ ಮ್ಯಾನೇಜರ್ ವಿನಯಾ ಮೇಡಂ ಬಂದರು. ತಿಂಗಳಿಗೊಮ್ಮೆ ಕ್ಯಾಂಟೀನಿನಲ್ಲಿ ಸಿಬ್ಬಂದಿಯ ಸಭೆ ಇಟ್ಟರು. ನೋಟಿಸ್ ಹಚ್ಚಿದರು, ವಾಟ್ಸಾಪಿನಲ್ಲಿ ಹಾಕಿದರು, ಇಂಟರ್‌ಕಾಮ್ ನಂಬರುಗಳನ್ನೂ ಬದಲಿಸಿದರು. ಎರಡು ಸಭೆಗೂ ಬಂದದ್ದು ಕುಷ್ಟ ಒಬ್ಬನೇ. ಅವನು ಕ್ಯಾಂಟೀನ್ ನಡೆಸುವವನು, ಎಲ್ಲಿಗೆ ಹೋಗುತ್ತಾನೆ? ಮೂರನೆಯದೂ ಖಾಲಿಯಾದರೆ ಸಭೆಯೂ ಬೇಡ, ಮೇಡಂ ಕೂಡ ಬೇಡ ಎಂದು ಆಡಳಿತ ಮಂಡಳಿ ಹೇಳಿಬಿಟ್ಟಿತ್ತು.

ಸಭೆಯ ದಿನ ಬೆಳಿಗ್ಗೆ ಮೇಡಂ ನಮ್ಮ ಲ್ಯಾಬಿನ ಬಾಗಿಲಲ್ಲೇ ಅಕ್ಕುವನ್ನು ಹಿಡಿದರು. ಅಕ್ಕು ಅಂದರೆ ಸ್ವಚ್ಛತೆಯವರ ಮುಖ್ಯಸ್ಥೆ.

"ನೀವ್ಯಾಕೆ ಬರುವುದಿಲ್ಲ?"

"ನಮ್ಗ್ ಹೇಳಿಕೆ ಯಾರ್ ಮಾಡಿರ್, ಮೇಡಂ?"

"ನೋಟಿಸ್ ಇತ್ತಲ್ಲ."

"ಅದ್ ಗೋಡಿಗ್ ಹೇಳಿದ್ದ್. ಗೋಡಿ ಬತ್ತಾ ಕಾಣಿ."

ಮೇಡಂ ತಲೆ ಕೆಡಿಸಿಕೊಂಡು ಹೋದರು. ಅವರು ಘಟ್ಟದ ಮೇಲಿನವರು. ನಮ್ಮ ಕಡೆ ಮದುವೆ ಕಾಗದ ಕೈಯಲ್ಲಿಟ್ಟರೂ ಸಾಲದು, ಮನೆಯ ಯಜಮಾನನೇ ಬಾಯಿಬಿಟ್ಟು "ಬರ್ಕ್", ಅಂದರೆ ಬರಲೇಬೇಕು, ಎನ್ನಬೇಕು. ಅದು ಹೇಳಿಕೆ. ಆಸ್ಪತ್ರೆಯ ಯಜಮಾನರು ಡಾಕ್ಟರ್ ಪ್ರೇಮಾನಂದರು. ಅವರು ಬಾಯಿಬಿಡುವುದೇ ಅಪರೂಪ.

ರತೀಶ ಫೋನ್ ಎತ್ತಿದ. ಡಾಕ್ಟರರ ಭಾರದ ದನಿ, ಕೊನೆಗೊಂದು ಕೆಮ್ಮು.

"ಹ್ವಾಯ್, ನಾನ್ ಪ್ರೇಮಾನಂದ. ನಾಲ್ಕ್ ಗಂಟಿಗ್ ಕ್ಯಾಂಟೀನಿಗ್ ಎಲ್ಲರೂ ಬರ್ಕ್. ಗೋಳಿಬಜೆ ಇತ್ತ್."

ಹೀಗೆ ಒಂದೊಂದೇ ವಿಭಾಗಕ್ಕೆ. ಕುಷ್ಟನಿಗೂ ಹಿಟ್ಟು ಕಲಸಲು ಅಪ್ಪಣೆಯಾಯಿತು. ಉಳಿದವನು ಔಷಧಿ ವಿಭಾಗದ ದರ್ಶನ ಒಬ್ಬ. ಬೆರಳು ರೂಢಿಯಲ್ಲಿ ಹಳೆಯ ನಂಬರನ್ನೇ ಒತ್ತಿತು.

"ನಾನ್ ಪ್ರೇಮಾನಂದ."

ಆ ಕಡೆಯಿಂದಲೂ ಅದೇ ದನಿ, ಅದೇ ಕೆಮ್ಮು. "ನಾನೂ ಅವ್ನೇ. ಎಂತ ಆಯ್ಕ್?"

"ದರ್ಶನಾ, ನಂಗೇ ಮಿಮಿಕ್ರಿ ಮಾಡ್ತ್ಯಾ? ಕೆಮ್ಮು ಸಮ ಬರ್ಲಿಲ್ಲೆ ಮಾರಾಯ, ಅಭ್ಯಾಸ ಮಾಡ್."

ಫೋನ್ ಇಟ್ಟ ಮೇಲೆ ಹೊಸ ಪಟ್ಟಿ ನೋಡಿದೆವು. ಆ ನಂಬರು ಈಗ ಡಾಕ್ಟರರ ಕೋಣೆಯದು. ರತೀಶನಿಗೆ ಸ್ವಂತ ದನಿಯೂ ಹೊರಡಲಿಲ್ಲ.

ನಾಲ್ಕು ಗಂಟೆಗೆ ಕ್ಯಾಂಟೀನಿನಲ್ಲಿ ಕಾಲಿಡಲು ಜಾಗವಿಲ್ಲ. ಡಾಕ್ಟರರು ಬಂದು ಬಾಗಿಲಲ್ಲೇ ನಿಂತರು.

"ನೀವೇ ಹೇಳಿಕೆ ಮಾಡ್ರಿ ಅಲ್ದಾ ಸಾರ್, ಹಾಂಗಾಯಿ ಬಂದ್ರ್ ಎಲ್ಲ," ಎಂದಳು ಅಕ್ಕು.

ಮೇಡಂ ಡಾಕ್ಟರರ ಮುಖ ನೋಡಿದರು. "ಸರ್, ನೀವು ಫೋನ್ ಮಾಡಿದ್ರಾ?"

"ಮಾಡಿದ್ದೆ ಅಂಬ್ರ್ ಎಲ್ಲರೂ. ನಂಗೂ ಮಾಡಿದ್ದೆ."

ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಏನೂ ಅರ್ಥವಾಗಲಿಲ್ಲ. ಡಾಕ್ಟರರು ಕೂತರು, ಗೋಳಿಬಜೆ ತಿಂದರು, ಕೇಳಿದರು. ಅಕ್ಕುವೇ ಶುರು ಮಾಡಿದಳು. "ಪೇಶೆಂಟ್ ಮನಿಗ್ ಹೋದದ್ದ್ ನಮ್ಗ್ ಯಾರೂ ಹೇಳುದಿಲ್ಲೆ. ಮಂಚ ಖಾಲಿ ಇತ್ತ್, ಹೊಸ ಪೇಶೆಂಟ್ ಹೊರಗ್ ಬೆಂಚಲ್ ಕೂಕಂಡಿರ್ತ್ರ್." ಆಮೇಲೆ ಅಡುಗೆಯವರು, ನರ್ಸುಗಳು, ಡ್ರೈವರುಗಳು. ಮೇಡಂ ಬರೆದೂ ಬರೆದೂ ಸುಸ್ತಾದರು.

ಕೊನೆಗೆ ಡಾಕ್ಟರರು ಎದ್ದರು. "ಈ ಸಭೆ ನಿಲ್ಲುದಿಲ್ಲೆ, ಮೇಡಮ್ಮೂ ಹೋಪುದಿಲ್ಲೆ. ಮಂಡಳಿಗ್ ನಾನ್ ಹೇಳ್ತೆ. ಈಗ, ನಾನ್ ಆದದ್ದ್ ಯಾರ್?"

ರತೀಶ ಎದ್ದು ನಿಂತ.

"ಇವ್ನಿಗ್ ಎಂತ ಮಾಡುದ್? ನಾನ್ ಆಯಿ ನೀನೇ ಹೇಳ್."

ರತೀಶ ತಲೆ ತಗ್ಗಿಸಿದ. ಮರುಕ್ಷಣ ಆ ಭಾರದ ದನಿ ಕೇಳಿತು: "ರತೀಶಾ, ನಾಳಿಂದ ನೀನ್ ಬಪ್ಪುದ್ ಬೇಡ."

ಹೇಳಿದ್ದು ಇವನೋ ಅವರೋ ಹತ್ತಿರ ಕೂತ ನನಗೇ ತಿಳಿಯಲಿಲ್ಲ. ಮೇಡಂ ಗಾಬರಿಯಿಂದ ಡಾಕ್ಟರರತ್ತ ತಿರುಗಿ ಕೈಮುಗಿದರು. "ಸರ್, ದಯವಿಟ್ಟು ಅವನನ್ನು ತೆಗೆಯಬೇಡಿ."

"ನಾನ್ ಬಾಯೇ ತೆಗೀಲಿಲ್ಲೆ, ಮೇಡಂ," ಎಂದ ಡಾಕ್ಟರರು ಮೇಜು ಗುದ್ದಿ ನಗತೊಡಗಿದರು. ಇಡೀ ಕ್ಯಾಂಟೀನೇ ನಕ್ಕರೂ ಆ ಒಂದು ನಗುವಿನ ಕೆಳಗೆ ನಮ್ಮದೆಲ್ಲ ಕೇಳಲೇ ಇಲ್ಲ.