ಮಾತ್ರೆ ಕಲಸಿದ ಹಾಲು

ನಮ್ಮ ಓಣಿಯಲ್ಲಿ ಹದಿನೇಳು ಮನೆ, ಹದಿನೇಳರಲ್ಲೂ ತಾಹು ಮಾಡುತ್ತಾರೆ. ನೆನೆದ ಸೋಯಾ ಕಾಳು ರುಬ್ಬಿ, ಹಾಲು ಕಾಯಿಸಿ, ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಹಲಗೆಯ ಕೆಳಗೆ ಒತ್ತಿಟ್ಟರೆ ತಾಹು. ಬೆಳಗಿನ ನಮಾಜು ಮುಗಿಸಿ ನಾನು ಒಲೆಯ ಮುಂದೆ ಕೂರುವ ಹೊತ್ತಿಗೆ ಇಡೀ ಓಣಿಗೆ ಬೆಂದ ಹಾಲಿನ ವಾಸನೆ ಹಬ್ಬಿರುತ್ತದೆ. ಸೆರಾಯು ಹೊಳೆಯ ಈ ದಡದ ಮಕ್ಕಳೆಲ್ಲ ಬೆಳೆದದ್ದು ಈ ಹಾಲಿನಲ್ಲೇ. ನಾನೂ, ನನ್ನ ಮಗನೂ.

ಅದಕ್ಕೇ ನನಗೆ ಅನುಮಾನ ಬರಲಿಲ್ಲ.

ನನ್ನ ಮೊಮ್ಮಗಳು ಪಾಲುಪಿ. ಹುಟ್ಟಿದ ಮೂರನೆಯ ದಿನ ಹಿಮ್ಮಡಿಯಿಂದ ರಕ್ತ ತೆಗೆದುಕೊಂಡು ಹೋಗಿದ್ದರು. ಕೊರಳಿನ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿಲ್ಲ ಎಂದು ಆಮೇಲೆ ಹೇಳಿ ಕಳಿಸಿದರು. ದಿನಕ್ಕೊಂದು ಚಿಕ್ಕ ಮಾತ್ರೆ, ಪುಡಿ ಮಾಡಿ, ನೀರಿನಲ್ಲಿ. ತಪ್ಪಿಸಿದರೆ ಮಗುವಿನ ಬುದ್ಧಿ ಬೆಳೆಯುವುದಿಲ್ಲ; ಮೊದಲ ವರ್ಷಗಳಲ್ಲಿ ಕಳೆದುಕೊಂಡದ್ದು ಮತ್ತೆ ಸಿಗುವುದಿಲ್ಲ ಎಂದಿದ್ದರು ಡಾಕ್ಟರಮ್ಮ. ಆರು ತಿಂಗಳು ಸೊಸೆ ರತ್ಮಿ ತಾನೇ ಕೊಟ್ಟಳು. ಆಮೇಲೆ ಅವಳು ಕಣ್ಣಿಗೆ ಅಂಟಿಸಿಕೊಳ್ಳುವ ರೆಪ್ಪೆಗೂದಲು ಮಾಡುವ ಕಾರ್ಖಾನೆಗೆ ಮರಳಿದಳು. ಮಗ ಕಡಲಾಚೆಯ ಕಾಲಿಮಾಂತಾನ್ ದ್ವೀಪದಲ್ಲಿ ಲಾರಿ ಓಡಿಸುತ್ತಾನೆ. ಮಾತ್ರೆಯ ಡಬ್ಬಿ ನನ್ನ ಕೈಗೆ ಬಂತು.

ನೀರಿನಲ್ಲಿ ಕೊಟ್ಟರೆ ಪಾಲುಪಿ ಉಗುಳುತ್ತಿದ್ದಳು. ಗಲ್ಲದ ಮೇಲೆ ಇಳಿದ ಬೆಳ್ಳನೆಯ ಹನಿಯನ್ನು ಬೆರಳಿಂದ ಬಳಿದು ಮತ್ತೆ ಬಾಯಿಗಿಡುತ್ತಿದ್ದೆ. ಇವತ್ತಿನ ಬುದ್ಧಿ ಇಲ್ಲೇ ಸೋರಿಹೋಯಿತೇ? ಮೂರನೆಯ ದಿನ ಕುದಿದ ಹಾಲಿನಿಂದ ಒಂದು ಬಟ್ಟಲು ತೆಗೆದು, ಆರಿಸಿ, ಚೂರು ತಾಳೆಬೆಲ್ಲ ಕದಡಿ, ಬಿಸ್ಮಿಲ್ಲಾ ಹೇಳಿ ಮಾತ್ರೆ ಕಲಸಿದೆ. ಬಟ್ಟಲನ್ನೇ ನೆಕ್ಕಿಬಿಟ್ಟಳು. ಅಂದಿನಿಂದ ದಿನವೂ ಹಾಗೇ. ರತ್ಮಿಗೆ ಹೇಳಬೇಕೆಂದೂ ಹೊಳೆಯಲಿಲ್ಲ. ಹಾಲು ತಾನೆ.

ನನ್ನ ಯಜಮಾನರು ಇದ್ದಷ್ಟು ದಿನ ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಅಕ್ಷರ ಬಾರದ ನಾನು ಪಕ್ಕದಲ್ಲಿ ಕೂತು ಕೇಳಿಯೇ ಕಲಿತವಳು. ಹಾಲು ಕಾಯುವಾಗ ಅವನ್ನು ಹೇಳಿಕೊಳ್ಳುತ್ತೇನೆ. ಪ್ರತಿ ಸಾಲಿನ ಕೊನೆಯ ಸ್ವರವನ್ನು ಎಳೆದು ಬಿಡುವ ಕಡೆ ಪಾಲುಪಿ ಜೋಲಿಯೊಳಗಿಂದ “ಆಂ” ಎಂದು ಸೇರಿಸುತ್ತಿದ್ದಳು. ಬೇರೆಲ್ಲೂ ಅಲ್ಲ, ಸರಿಯಾಗಿ ಅಲ್ಲೇ.

ಎಂಟನೆಯ ತಿಂಗಳಲ್ಲಿ ಆ “ಆಂ” ತಡವಾಗಿ ಬರತೊಡಗಿತು. ಆಮೇಲೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ. ಒಂದು ಬೆಳಿಗ್ಗೆ ಪದ್ಯ ಪೂರ್ತಿ ಮುಗಿಯಿತು, ಜೋಲಿಯಿಂದ ಏನೂ ಬರಲಿಲ್ಲ. ನಿದ್ದೆ ಇರಬೇಕೆಂದು ಎದ್ದು ನೋಡಿದೆ. ಎಚ್ಚರವಾಗಿಯೇ ಇದ್ದಳು, ಮಾಡಿನ ಕಡೆ ನೋಡುತ್ತ.

ಪಕ್ಕದ ಮನೆಯ ತುಮಿನಾ ಹಲಗೆ ಕೇಳಲು ಬಂದವಳು ಜೋಲಿಗೆ ಬಗ್ಗಿದಳು.

“ಎಂಥಾ ಮಗು ಅಕ್ಕಾ ಇದು! ಅಳಲ್ಲ, ಕೂಗಲ್ಲ. ನನ್ನ ಮೊಮ್ಮಗ ಇದಾನೆ ನೋಡು, ರಾಕ್ಷಸ. ಬದಲಾಯಿಸ್ಕೊಳ್ಳೋಣ್ವಾ?”

“ಕೈಕಾಲು ತಣ್ಣಗಿದೆ ಕಣೇ.”

“ಜೋಲೀಲಿ ಗಾಳಿ ಆಡ್ತಿದೆ, ತಣ್ಣಗಿರದೆ ಇನ್ನೇನು? ಎಲ್ರಿಗೂ ನಮಾಜು ಐದು ಹೊತ್ತು. ನಿಂಗೆ ಮಾತ್ರ ಆರನೇದೊಂದಿದೆ, ಭಯಪಡೋಕೆ.”

ನಾನೂ ನಕ್ಕೆ. ಆದರೆ ಮಗುವಿಗೆ ನಾಲ್ಕು ದಿನದಿಂದ ಮಲ ಕಟ್ಟಿತ್ತು. ಮುಖ ಊದಿದಂತಿತ್ತು. ಅಪರೂಪಕ್ಕೆ ಅತ್ತರೆ ದನಿ ಗೊಗ್ಗರು. ತುಮಿನಾ ಹೋದ ಮೇಲೆ ಆ ಪುಟ್ಟ ಪಾದಗಳನ್ನು ಒಲೆಯ ಶಾಖಕ್ಕೆ ಹಿಡಿದು ಕೂತೆ. ಬೆಚ್ಚಗಾದವು, ಕೈಬಿಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ತಣ್ಣಗಾದವು.

ಆಗಾಗ ಮಾಡಿಸಬೇಕಾದ ರಕ್ತ ಪರೀಕ್ಷೆಯ ಫಲ ತಿಳಿಯಲು ರತ್ಮಿಯ ಜೊತೆ ಪಟ್ಟಣದ ಆಸ್ಪತ್ರೆಗೆ ಹೋದೆ. ಬೆಂಚಿನ ಮೇಲೆ ಕಾಯುತ್ತಿದ್ದಾಗ ನರ್ಸೊಬ್ಬಳು ಇನ್ನಾವುದೋ ತಾಯಿಗೆ ಹೇಳುತ್ತಿದ್ದಳು:

“ಮಾತ್ರೆ ನೀರಲ್ಲೋ ಎದೆಹಾಲಲ್ಲೋ ಕಲಸಿ. ಸೋಯಾ ಹಾಲಲ್ಲಿ ಮಾತ್ರ ಬೇಡಮ್ಮ. ಅದು ಮಾತ್ರೇನ ಹಿಡ್ಕೊಂಡುಬಿಡುತ್ತೆ. ಮೈಗೆ ಹತ್ತಲ್ಲ, ಸುಮ್ನೆ ಹೊರಗೆ ಹೋಗುತ್ತೆ.”

ಕೇಳುವುದೇ ನನ್ನ ಜೀವಮಾನದ ಅಭ್ಯಾಸ. ಆ ಮಾತನ್ನೂ ಒಂದಕ್ಷರ ಬಿಡದೆ ಕೇಳಿದೆ. ಬಟ್ಟಲು ನೆಕ್ಕುವ ಪುಟ್ಟ ನಾಲಗೆ ಕಣ್ಣ ಮುಂದೆ ಬಂತು. ಎಪ್ಪತ್ತು ಬೆಳಗು. ನನ್ನ ಕೈಯಾರೆ.

ನಾಳೆಯಿಂದ ನೀರಲ್ಲೇ ಕೊಟ್ಟರಾಯಿತು, ಯಾರಿಗೂ ಹೇಳಬೇಕಿಲ್ಲ ಎಂದಿತು ಮನಸ್ಸು. ಅಷ್ಟರಲ್ಲಿ ಒಳಗೆ ಕರೆದರು.

“ರಕ್ತದಲ್ಲಿ ಮದ್ದು ತುಂಬಾ ಕಮ್ಮಿ ಕಾಣ್ತಿದೆ. ದಿನಾ ಕೊಡ್ತಿದೀರಿ ತಾನೆ?” ಡಾಕ್ಟರಮ್ಮ ಕೇಳಿದರು.

“ನಮ್ಮತ್ತೆ ಕೊಡ್ತಾರೆ ಡಾಕ್ಟ್ರೇ, ನೀರಲ್ಲಿ,” ಎಂದಳು ರತ್ಮಿ. “ನಮಾಜೇ ತಪ್ಪಿಸ್ದೋರಲ್ಲ, ಮಾತ್ರೆ ತಪ್ಪಿಸ್ತಾರಾ?”

“ಹಾಗಾದ್ರೆ ಮಗು ಬೆಳೆದಿದೆ, ಹಳೇ ಪ್ರಮಾಣ ಸಾಲ್ತಿಲ್ಲ. ಒಂದೂವರೆಪಟ್ಟು ಮಾಡ್ತೀನಿ.”

“ಜಾಸ್ತಿ ಆಗಿಬಿಟ್ರೆ?”

“ಜಾಸ್ತಿ ಆದ್ರೆ ಎದೆ ಬಡಿತ ಓಡುತ್ತೆ, ನಿದ್ದೆ ಹತ್ತಲ್ಲ, ಮಗು ಸೊರಗುತ್ತೆ. ಹೆದರ್ಬೇಡಿ, ರಿಪೋರ್ಟು ನೋಡೇ ಬರೀತಿರೋದು.”

ರಿಪೋರ್ಟಿನ ಹಿಂದೆ ಒಂದು ಬಟ್ಟಲು ಹಾಲಿದೆ ಎಂದು ಆ ಕೋಣೆಯಲ್ಲಿ ಬಲ್ಲವಳು ನಾನೊಬ್ಬಳೇ. ಬಾಯಿಮುಚ್ಚಿಕೊಂಡು ನೀರಿಗೆ ಬದಲಾಯಿಸಿದರೆ ಹೆಚ್ಚಿನ ಮದ್ದೆಲ್ಲ ಅವಳ ಪುಟ್ಟ ಎದೆಗೆ ನುಗ್ಗುತ್ತದೆ. ಹಾಲಲ್ಲೇ ಕೊಟ್ಟರೆ ಇವತ್ತಿನಂತೆಯೇ ಆರುತ್ತ ಹೋಗುತ್ತಾಳೆ. ಬಚ್ಚಿಟ್ಟುಕೊಳ್ಳಲು ಎಲ್ಲೂ ಜಾಗವಿರಲಿಲ್ಲ. ಪೆನ್ನು ಕಾಗದಕ್ಕೆ ತಾಗಿತು.

“ಬರೀಬೇಡಿ ತಾಯೀ,” ಎಂದೆ. “ನೀರಲ್ಲಿ ಅಲ್ಲ. ನಾನು ಸೋಯಾ ಹಾಲಲ್ಲಿ ಕೊಟ್ಟೆ.”

ರತ್ಮಿ ಮಗುವನ್ನು ಎದೆಗೆ ಅವುಚಿಕೊಂಡು ನನ್ನಿಂದ ಆಚೆಗೆ ತಿರುಗಿದಳು. ತಾನು ತಿರುಗಿದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ.

“ಎಷ್ಟು ದಿನ, ಇಬು?” ತನ್ನ ತಾಯಿಯನ್ನು ಕರೆಯುವಂತೆಯೇ ಅವಳು ನನ್ನನ್ನೂ ಇಬು ಎಂದೇ ಕರೆಯುವುದು.

“ಎಪ್ಪತ್ತು.”

ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿದರು. “ಹಾಲೇನು ವಿಷ ಅಲ್ಲ ಅಜ್ಜಿ. ಮಾತ್ರೆ ಹತ್ತಿರ ಬರಬಾರದು, ಅಷ್ಟೆ. ಹಳೇ ಪ್ರಮಾಣಾನೇ ನೀರಲ್ಲಿ ಕೊಡಿ. ನಾಲ್ಕು ವಾರಕ್ಕೆ ಮತ್ತೆ ರಕ್ತ ನೋಡೋಣ.”

“ಬುದ್ಧಿಗೆ…” ಎಂದಳು ರತ್ಮಿ.

“ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಕೂರೋದು, ನಿಲ್ಲೋದು, ಮಾತು, ಒಂದೊಂದೇ ನೋಡ್ತಾ ಹೋಗ್ಬೇಕು. ಇವತ್ತು ನಾನೇನೂ ಹೇಳಕ್ಕಾಗಲ್ಲ.”

ಬಸ್ಸಿನಲ್ಲಿ ನಾನು ಮಗುವಿಗೆ ಕೈಚಾಚಲಿಲ್ಲ. ಮರುದಿನದಿಂದ ರತ್ಮಿಯೇ ಮಾತ್ರೆ ಕೊಟ್ಟು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟಳು. ಒಂಬತ್ತು ದಿನ ಹಾಗೆ. ಸಜ್ದಾದಲ್ಲಿ ಹಣೆ ನೆಲಕ್ಕಿಟ್ಟರೆ ಎತ್ತಲು ಧೈರ್ಯ ಬರುತ್ತಿರಲಿಲ್ಲ. ಏನೆಂದು ಬೇಡಲಿ? ಆದದ್ದು ಆಗಿಹೋಗಿತ್ತು, ಅಥವಾ ಆಗಿರಲಿಲ್ಲ.

ಹತ್ತನೆಯ ಬೆಳಿಗ್ಗೆ ಡಬ್ಬಿ, ನೀರಿನ ಲೋಟ, ಚಮಚ ಒಲೆಯ ಪಕ್ಕ ಇದ್ದವು. ರತ್ಮಿ ಚಪ್ಪಲಿ ಮೆಟ್ಟುತ್ತಿದ್ದಳು.

“ನೀರಲ್ಲಿ, ಇಬು. ಆಮೇಲೆ ಒಂದು ಗಂಟೆ ಏನೂ ಬೇಡ. ಹಾಲು ಕೊಡೋದಿದ್ರೆ ನಾಲ್ಕು ಗಂಟೆ ಆದ್ಮೇಲೆ.”

“ಉಗುಳಿದ್ರೆ?”

“ನಂಗೆ ಹೇಳಿ. ಏನಾದ್ರೂ ಸರಿ, ನಂಗೆ ಹೇಳಿ.”

ಈಗ ನಾಲ್ಕನೆಯ ವಾರ. ಬರುವ ಸೋಮವಾರ ರಕ್ತ ಪರೀಕ್ಷೆ. ಹಾಲಿನ ಪಾತ್ರೆಯಿಂದ ಎಷ್ಟಾದರೆ ಅಷ್ಟು ದೂರ ಜೋಲಿ ಕಟ್ಟಿದ್ದೇನೆ. ಪಾದ ಮುಟ್ಟಿದರೆ ಬೆಚ್ಚಗಿದೆ ಅನ್ನಿಸುತ್ತದೆ. ನನ್ನ ಕೈಯೇ ಬಿಸಿಯಿರಬಹುದು ಎಂದು ಕೈ ತೊಳೆದು ಬಂದು ಮತ್ತೆ ಮುಟ್ಟುತ್ತೇನೆ. ಪದ್ಯ ಹೇಳುವಾಗ ಪ್ರತಿ ಸಾಲಿನ ಕೊನೆಗೆ, ರಾಗ ಒಪ್ಪುವುದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಇವತ್ತು ಒಂದು ಸಾಲಿನ ನಡುವೆ, ಬರಬಾರದ ಕಡೆ, ಜೋಲಿಯಿಂದ ಏನೋ ಸದ್ದು ಬಂತು. “ಆಂ” ಎಂದದ್ದೋ, ಬಿಕ್ಕಳಿಕೆಯೋ. ಅದೇ ಸಾಲನ್ನು ಇನ್ನೊಮ್ಮೆ ಹೇಳಿದೆ. ಇನ್ನೂ ಒಮ್ಮೆ. ಹಾಲು ಉಕ್ಕಿ ಒಲೆಗೆ ಸುರಿಯಿತು. ನಾನು ಏಳಲಿಲ್ಲ.

“ಅಕ್ಕಾ!” ಗೋಡೆಯಾಚೆಯಿಂದ ತುಮಿನಾ ಕೂಗಿದಳು. “ಪದ್ಯ ಮರೆತುಹೋಯ್ತಾ? ಒಂದೇ ಸಾಲಲ್ಲಿ ಸಿಕ್ಕಾಕೊಂಡಿದೀಯಲ್ಲ!”

“ಸ್ವಲ್ಪ ಸುಮ್ನಿರೇ,” ಎಂದೆ. “ಕೇಳಿಸ್ಕೊಳ್ತಿದೀನಿ.”